ಕಾಯಿ ಬಿಡದ ಅಕ್ರೋಟು: ಏಪ್ರಿಲ್‌ನಲ್ಲಿ ಮರದ ಕೆಳಗೆ ನಿಂತು ನೋಡಬೇಕಾದ್ದು

ನಾನು ಹುಟ್ಟಿ ಬೆಳೆದದ್ದು ಸಕಲೇಶಪುರದ ಕಾಫಿ ತೋಟದಲ್ಲಿ. ಮದುವೆಯಾಗಿ ಬಂದದ್ದು ಹಿಮಾಚಲದ ಕುಲ್ಲು ಕಣಿವೆಗೆ. ಇಲ್ಲಿ ನಮ್ಮ ಮನೆಯವರದ್ದು ಸೇಬಿನ ತೋಟ, ಅಂಚಿನಲ್ಲಿ ನಾಲ್ಕಾರು ಹಳೇ ಅಕ್ರೋಟು ಮರಗಳು. ಅವುಗಳ ಜೊತೆಗಿರಲಿ ಎಂದು 2008ರ ಜನವರಿಯಲ್ಲಿ ನಾನೇ ಆರು ಸಸಿ ನೆಟ್ಟೆ. ಮಾರಿದವನು "ಎಲ್ಲಾ ಕಸಿ ಗಿಡ, ಐದನೇ ವರ್ಷಕ್ಕೆ ಕಾಯಿ" ಎಂದಿದ್ದ. ಐದನೇ ವರ್ಷಕ್ಕೆ ಎರಡು ಮರ ಮಾತು ಉಳಿಸಿಕೊಂಡವು. ಉಳಿದ ನಾಲ್ಕು ಎಲೆ ಬಿಟ್ಟವು, ಎತ್ತರ ಹೋದವು, ಅಷ್ಟೇ.

ಆರನೇ ವರ್ಷ ಸಗಣಿ ಗೊಬ್ಬರ ಜಾಸ್ತಿ ಹಾಕಿದೆ. ಏಳನೇ ವರ್ಷ ಒಲೆಯ ಬೂದಿ ಸುರಿದೆ. ಎಂಟನೇ ವರ್ಷ ಮಾವ ಕೊಡಲಿ ಹಿಡಿದು ಮರದ ಮುಂದೆ ನಿಂತು, "ಈ ಸಲ ಬಿಡದಿದ್ದರೆ ಕಡಿದೇ ಬಿಡ್ತೀನಿ" ಎಂದು ಹೆದರಿಸಿದರು. ಮರ ಹೆದರಲಿಲ್ಲ.

ನಮ್ಮೆಲ್ಲರ ತಪ್ಪು ಒಂದೇ ಆಗಿತ್ತು. ಕೊಯ್ಲಿನ ಕಾಲದಲ್ಲಿ, ಅಂದರೆ ಸೆಪ್ಟೆಂಬರ್‌ನಲ್ಲಿ ತಲೆ ಎತ್ತಿ ನೋಡುತ್ತಿದ್ದೆವು. ಕಾಯಿ ಇಲ್ಲ ಎನ್ನುವುದು ಗೊತ್ತಾಗುವುದು ಸೆಪ್ಟೆಂಬರ್‌ನಲ್ಲಿ. ಆದರೆ ಕೆಲಸ ಕೆಟ್ಟಿರುವುದು ಏಪ್ರಿಲ್‌ನಲ್ಲಿ, ಕೆಲವು ಸಲ ಅದಕ್ಕೂ ಹಿಂದಿನ ಬೇಸಿಗೆಯಲ್ಲಿ. ಆ ಹೊತ್ತಿಗೆ ಸಾಕ್ಷಿ ಎಲ್ಲಾ ಉದುರಿ ಮಣ್ಣಾಗಿರುತ್ತದೆ. ಹಾಗಾಗಿ ಗೊಬ್ಬರದ ಚೀಲ ಬಿಚ್ಚುವ ಮೊದಲು ಈ ಕ್ರಮದಲ್ಲಿ ನೋಡುತ್ತಾ ಬನ್ನಿ.

ಅದು ಅಕ್ರೋಟು ಮರವೇ?

ನಗಬೇಡಿ. ಊರಿನಿಂದ ಒಬ್ಬರು ಫೋಟೊ ಕಳಿಸಿ "ನಮ್ಮ ತೋಟದಲ್ಲಿ ಅಕ್ರೋಟು ಬಿಟ್ಟಿದೆ, ತಿನ್ನಬಹುದಾ?" ಎಂದು ಕೇಳಿದ್ದರು. ಎಲೆಗೆ ಮೂರು, ಐದು ಮೂಲೆ, ಚಿಗುರಿನ ಮೇಲೆ ಬೆಳ್ಳಿ ಹಿಟ್ಟು ಉದುರಿಸಿದ ಹಾಗೆ. ಅದು ಹಿಂದಿಯವರು ಜಂಗ್ಲಿ ಅಖ್ರೋಟ್ ಎನ್ನುವ ಬೇರೆಯೇ ಮರ, ಕ್ಯಾಂಡಲ್‌ನಟ್. ಹಸಿ ಬೀಜ ತಿಂದರೆ ಹೊಟ್ಟೆ ಕೆಡುತ್ತದೆ. ತಿನ್ನಬೇಡಿ ಎಂದೆ.

ನಿಜವಾದ ಅಕ್ರೋಟಿನ ಗುರುತು ಹಿಡಿಯಲು ಸುಲಭದ ಪರೀಕ್ಷೆ ಇದೆ. ಕಳೆದ ವರ್ಷದ, ಪೆನ್ಸಿಲ್ ದಪ್ಪದ ಕಡ್ಡಿ ಕತ್ತರಿಸಿ ಉದ್ದಕ್ಕೆ ಸೀಳಿ. ನಡುವಿನ ಬೆಂಡು ಗಟ್ಟಿಯಾಗಿರುವುದಿಲ್ಲ. ಪುಟ್ಟ ಏಣಿಯ ಮೆಟ್ಟಿಲುಗಳ ಹಾಗೆ ತೆಳ್ಳಗಿನ ಅಡ್ಡಗೋಡೆ, ನಡುವೆ ಖಾಲಿ ಜಾಗ, ಮತ್ತೆ ಅಡ್ಡಗೋಡೆ. ಎಲೆ ತಿಕ್ಕಿದರೆ ನಿಂಬೆ ಸಿಪ್ಪೆಗೂ ಶೂ ಪಾಲಿಶ್‌ಗೂ ನಡುವಿನ ವಾಸನೆ. ಒಮ್ಮೆ ಮೂಸಿದರೆ ಮರೆಯುವುದಿಲ್ಲ.

ಎಲ್ಲಿ ನೆಟ್ಟಿದ್ದೀರಿ?

ಕರ್ನಾಟಕದಲ್ಲಿ ನೆಟ್ಟವರಿಗೆ ಬೇಜಾರಿನ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ರೋಟಿಗೆ ಚಳಿಗಾಲದ ನಿದ್ದೆ ಬೇಕು. ತಳಿಗೆ ತಕ್ಕ ಹಾಗೆ ಹೆಚ್ಚು ಕಡಿಮೆ 700ರಿಂದ 1000 ಗಂಟೆ, 7 ಡಿಗ್ರಿಗಿಂತ ಕೆಳಗಿನ ಚಳಿ. ಆ ಲೆಕ್ಕ ತುಂಬಿದ ಮೇಲೆಯೇ ಮೊಗ್ಗು ಸರಿಯಾಗಿ ಒಡೆಯುವುದು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಚಳಿ ನಮಗೆ ಕಂಬಳಿ ಹೊದೆಯಲು ಸಾಕು, ಅಕ್ರೋಟಿಗೆ ಸಾಲದು.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ತವರಿಗೆ ಎರಡು ಸಸಿ ಒಯ್ದಿದ್ದೆ. ಅಪ್ಪ ಮನೆ ಹಿಂದೆ, ಬಾವಿ ಪಕ್ಕ ನೆಟ್ಟು ಮಗುವಿನ ಹಾಗೆ ನೋಡಿಕೊಂಡರು. ಫೆಬ್ರವರಿಯಲ್ಲಿ ಒಂದು ಕೊಂಬೆಯ ತುದಿ ಮಾತ್ರ ಚಿಗುರಿತು. ಇನ್ನೊಂದು ಕೊಂಬೆ ಏಪ್ರಿಲ್‌ನಲ್ಲಿ. ಮೂರನೆಯದು ಚಿಗುರಲೇ ಇಲ್ಲ. ನಿದ್ದೆಗೆಟ್ಟವರ ಮುಖದ ಹಾಗಿತ್ತು ಆ ಮರ. ಹೀಗೆ ತುಂಡು ತುಂಡಾಗಿ, ಹೊತ್ತಲ್ಲದ ಹೊತ್ತಿನಲ್ಲಿ ಚಿಗುರುವುದೇ ಚಳಿ ಸಾಲದ ಲಕ್ಷಣ. ಇದಕ್ಕೆ ಗೊಬ್ಬರದಲ್ಲಿ ಮದ್ದಿಲ್ಲ. "ಯಾವ ಹವೆಯಲ್ಲೂ ಮೂರೇ ವರ್ಷಕ್ಕೆ ಕಾಯಿ" ಎಂದು ಆನ್‌ಲೈನ್‌ನಲ್ಲಿ ಮಾರುವ ಸಸಿಗೆ ದುಡ್ಡು ಕೊಡಬೇಡಿ. ಆ ಜಾಗಕ್ಕೆ ಬೆಣ್ಣೆಹಣ್ಣು ನೆಡಿ, ಅಪ್ಪ ಕೊನೆಗೆ ಮಾಡಿದ್ದು ಅದನ್ನೇ.

ಕಸಿಯದ್ದೋ, ಬೀಜದ್ದೋ?

ಚಳಿ ಇರುವ ಊರಿನಲ್ಲಿದ್ದರೆ ಮುಂದಿನ ಪ್ರಶ್ನೆ ಮರದ ಹುಟ್ಟಿನದು. ಕಸಿ ಮರ ಸಾಮಾನ್ಯವಾಗಿ 4-5ನೇ ವರ್ಷಕ್ಕೆ ಕಾಯಿ ತೋರಿಸುತ್ತದೆ. ಬೀಜದಿಂದ ಎದ್ದ ಮರ 8ರಿಂದ 10 ವರ್ಷ ತೆಗೆದುಕೊಳ್ಳುತ್ತದೆ, 12-15 ಆದರೂ ಆಶ್ಚರ್ಯವಿಲ್ಲ. ದೇಶದ ಅಕ್ರೋಟಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಜಮ್ಮು-ಕಾಶ್ಮೀರದ್ದು. ಅಲ್ಲಿನ ಹಳೇ ಮರಗಳು ಬಹುಪಾಲು ಬೀಜದವೇ. ಅದಕ್ಕೇ ಒಂದೊಂದು ಮರದ ಕಾಯಿ ಒಂದೊಂದು ರೀತಿ. ಬೆರಳಲ್ಲಿ ಒತ್ತಿದರೆ ಒಡೆಯುವುದು ಕಾಗಜಿ, ಸ್ವಲ್ಪ ಗಟ್ಟಿ ಬುರ್ಜುಲ್, ಸುತ್ತಿಗೆಯೇ ಬೇಕಾದದ್ದು ವೊಂಟ್. ಕಾಗಜಿಯ ಬೀಜ ನೆಟ್ಟರೆ ಕಾಗಜಿಯೇ ಬರುತ್ತದೆ ಎನ್ನುವ ಖಾತ್ರಿ ಇಲ್ಲ, ಏಕೆಂದರೆ ಗಾಳಿ ಯಾವ ಮರದ ಪರಾಗ ತಂದಿತ್ತೋ ಯಾರಿಗೆ ಗೊತ್ತು.

ನನ್ನ ನಾಲ್ಕು ಮರಗಳ ಗುಟ್ಟು ಇಲ್ಲೇ ಬಯಲಾಯಿತು. ಒಂಬತ್ತನೇ ವರ್ಷ ತೋಟಗಾರಿಕೆ ಓದಿದ ನೆಂಟರ ಹುಡುಗ ಬಂದಿದ್ದ. ಬುಡದ ಬಳಿ ಕುಳಿತು ಹುಲ್ಲು ಸರಿಸಿ ಬೆರಳಿಂದ ತೊಗಟೆ ಸವರಿದ. ಕಾಯಿ ಬಿಡುವ ಎರಡು ಮರಗಳಲ್ಲಿ ನೆಲದಿಂದ ಒಂದು ಗೇಣು ಮೇಲೆ ಸಣ್ಣ ಉಬ್ಬು, ಅಲ್ಲಿ ಕಾಂಡ ಒಂಚೂರು ಸೊಟ್ಟ, ಮೇಲಿನ ತೊಗಟೆಗೂ ಕೆಳಗಿನದಕ್ಕೂ ಬಣ್ಣದಲ್ಲಿ ವ್ಯತ್ಯಾಸ. ಉಳಿದ ನಾಲ್ಕರಲ್ಲಿ ಬುಡದಿಂದ ತಲೆಯವರೆಗೂ ಒಂದೇ ನುಣುಪು. "ಚಿಕ್ಕಮ್ಮ, ಇವು ಕಸಿ ಅಲ್ಲ. ಬೀಜದ ಗಿಡಕ್ಕೆ ಟೇಪು ಸುತ್ತಿ ಕೊಟ್ಟಿದ್ದಾರೆ" ಎಂದ. ಟೇಪು ನಾನೇ ಬಿಚ್ಚಿದ್ದೆ. ಒಳಗೆ ಗಾಯದ ಗುರುತು ಇರಲಿಲ್ಲ ಎನ್ನುವುದು ಆಗ ಹೊಳೆದಿರಲಿಲ್ಲ.

ಅಕ್ರೋಟಿಗೆ ಕಸಿ ಹತ್ತುವುದು ಸೇಬಿನಷ್ಟು ಸುಲಭವಲ್ಲ. ಗಾಯದ ಜಾಗ ಬೆಸೆಯಲು ಬೆಚ್ಚಗಿನ, ಒಂದೇ ಸಮನಾದ ಹವೆ ಬೇಕು. ಬಯಲಿನಲ್ಲಿ ಮಾಡಿದರೆ ಬಹಳಷ್ಟು ಸಾಯುತ್ತವೆ. ಅದಕ್ಕೇ ಪಾಲಿಹೌಸ್ ಒಳಗೆ ಮಾಡುತ್ತಾರೆ, ಅದಕ್ಕೇ ಬೆಲೆ, ಅದಕ್ಕೇ ಮೋಸ. ಶ್ರೀನಗರದಲ್ಲಿ ಕೇಂದ್ರ ಸರ್ಕಾರದ ಶೀತವಲಯ ತೋಟಗಾರಿಕೆ ಸಂಸ್ಥೆ ಇದೆ. ಅಂಥ ಕಡೆಯ ಗುರುತಿಸಿದ ತಳಿಯನ್ನೇ ಕೇಳಿ. ಕೊಳ್ಳುವಾಗ ಟೇಪು ಬಿಚ್ಚಿಸಿ ನೋಡಿ. ಮುಖ ನೋಡಿಕೊಂಡು ಸುಮ್ನೆ ಬರಬೇಡಿ.

ಇನ್ನೊಂದು ಸಾಧ್ಯತೆ, ಕಸಿ ಇತ್ತು, ಆದರೆ ಸತ್ತಿತು, ಕೆಳಗಿನ ಬುಡದ, ಅಂದರೆ ಕಸಿ ಕಟ್ಟಿಸಿಕೊಂಡ ಬೇರಿನ ಗಿಡದ ಚಿಗುರೇ ಮರವಾಯಿತು. ಭಾರತದಲ್ಲಿ ಬುಡವೂ ಸಾಮಾನ್ಯವಾಗಿ ಅದೇ ಅಕ್ರೋಟು, ಎಲೆ ನೋಡಿ ಹೇಳುವುದು ಕಷ್ಟ. ಕ್ಯಾಲಿಫೋರ್ನಿಯಾದ ಹಿತ್ತಲಲ್ಲಿ ಮರ ಇರುವ ಕನ್ನಡಿಗರಿಗೆ ಮಾತ್ರ ಇದು ಸುಲಭ. ಅಲ್ಲಿ ಬುಡಕ್ಕೆ ಬ್ಲ್ಯಾಕ್ ವಾಲ್‌ನಟ್ ಎನ್ನುವ ಇನ್ನೊಂದು ಜಾತಿಯ ಅಕ್ರೋಟು ಅಥವಾ ಪ್ಯಾರಡಾಕ್ಸ್ ಬಳಸುತ್ತಾರೆ. ಪ್ಯಾರಡಾಕ್ಸ್ ಎನ್ನುವುದು ಲೂಥರ್ ಬರ್ಬ್ಯಾಂಕ್ 19ನೇ ಶತಮಾನದಲ್ಲಿ ಮಾಡಿದ ಮಿಶ್ರತಳಿ. ಒಂದು ಎಲೆಕಡ್ಡಿಯಲ್ಲಿ ಎಷ್ಟು ಕಿರುಎಲೆ ಇವೆ ಎಣಿಸಿ. ನಾವು ತಿನ್ನುವ ಅಕ್ರೋಟಿಗೆ 5ರಿಂದ 9, ಅಂಚು ನುಣುಪು, ತುದಿಯದ್ದು ಎಲ್ಲಕ್ಕಿಂತ ದೊಡ್ಡದು. 15ಕ್ಕೂ ಮೇಲಿದ್ದು ಅಂಚು ಗರಗಸದ ಹಾಗಿದ್ದರೆ ನೀವು ಇಷ್ಟು ವರ್ಷ ನೀರು ಹಾಕಿದ್ದು ಬುಡಕ್ಕೆ, ಮರಕ್ಕಲ್ಲ.

ಏಪ್ರಿಲ್‌ನ ಹದಿನೈದು ದಿನ

ಜಾಗ ಸರಿ, ಹುಟ್ಟು ಸರಿ, ವಯಸ್ಸೂ ಆಗಿದೆ. ಈಗ ಹೂ ನೋಡಬೇಕು. ಅಕ್ರೋಟಿನ ಹೂ ಯಾರ ಕಣ್ಣಿಗೂ ಬೀಳುವುದಿಲ್ಲ. ಸೇಬು ಹೂ ಬಿಟ್ಟರೆ ಇಡೀ ಕಣಿವೆ ಬೆಳ್ಳಗಾಗುತ್ತದೆ, ಕಾಫಿ ಹೂ ಬಿಟ್ಟರೆ ಘಮ ಮನೆಯೊಳಗೆ ಬರುತ್ತದೆ. ಅಕ್ರೋಟು ಎರಡೂ ಮಾಡುವುದಿಲ್ಲ.

ಒಂದೇ ಮರದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡಿನದು ಬೆರಳುದ್ದದ ಹಸಿರು ಬಾಲ, ಹಿಪ್ಪಲಿಯನ್ನು ಎಳೆದು ಉದ್ದ ಮಾಡಿದ ಹಾಗೆ ಹಳೇ ಕಡ್ಡಿಯಿಂದ ಜೋತಾಡುತ್ತದೆ. ಹೆಣ್ಣು ಹೂ ಇರುವುದು ಹೊಸ ಚಿಗುರಿನ ತುದಿಯಲ್ಲಿ. ಎರಡೋ ಮೂರೋ ಒಟ್ಟಿಗೆ, ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದು. ಮೇಲೆ ಎರಡು ಪುಟ್ಟ ಗರಿ, ಮೊಲದ ಕಿವಿಯ ಹಾಗೆ. ಏಣಿ ಹತ್ತಿ, ಕೊಂಬೆ ಬಗ್ಗಿಸಿ, ಕನ್ನಡಕ ಹಾಕಿಕೊಂಡು ನೋಡಬೇಕು.

ಆ ಕಿವಿಗಳೇ ಎಲ್ಲಾ ಹೇಳುತ್ತವೆ. ಎರಡೂ ಅಂಟಿಕೊಂಡು ನೆಟ್ಟಗಿದ್ದರೆ ಇನ್ನೂ ಹೊತ್ತಾಗಿಲ್ಲ. ಬಿಚ್ಚಿ ಒಂದಕ್ಕೊಂದು ಓರೆಯಾಗಿ ನಿಂತು, ತಿಳಿ ಹಳದಿಯಾಗಿ ಒದ್ದೆ ಒದ್ದೆ ಹೊಳೆಯುತ್ತಿದ್ದರೆ ಈಗ ಪರಾಗ ಬೇಕು. ಹಿಂದಕ್ಕೆ ಮಡಚಿಕೊಂಡು ಅಂಚು ಕಂದಾಗಿದ್ದರೆ ಮುಗಿಯಿತು. ಅದೇ ಹೊತ್ತಿಗೆ ಗಂಡು ಬಾಲವನ್ನೂ ಪರೀಕ್ಷಿಸಿ. ಮೊಬೈಲಿನ ಕಪ್ಪು ಪರದೆಯನ್ನು ಅಡಿಗೆ ಹಿಡಿದು ಬಾಲಕ್ಕೆ ಬೆರಳಿಂದ ಟಕ್ ಎಂದು ಹೊಡೆಯಿರಿ. ಹಳದಿ ಧೂಳು ಬಿದ್ದರೆ ಪರಾಗ ಹಾರುತ್ತಿದೆ. ಬಾಲ ಹಸಿರು, ಗಟ್ಟಿ ಇದ್ದರೆ ಇನ್ನೂ ಇಲ್ಲ. ಕಪ್ಪಾಗಿ ನೆಲಕ್ಕೆ ಬಿದ್ದು ಕಂಬಳಿಹುಳದ ಹಾಗೆ ಹರಡಿದ್ದರೆ ಹಬ್ಬ ಮುಗಿದಿದೆ.

ನಾನು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಹಾಲಿನವನ ಲೆಕ್ಕದ ಪಕ್ಕದಲ್ಲೇ "2ನೇ ಮರ, ಧೂಳು ಶುರು", "2ನೇ ಮರ, ಕಿವಿ ತೆರೆದಿದೆ". ಹೀಗೆ ಬರೆದ ಮೊದಲ ವರ್ಷವೇ ಗೊತ್ತಾಯಿತು, ನನ್ನ ಎರಡನೇ ಮರದಲ್ಲಿ ಧೂಳು ಮುಗಿದು ಆರು ದಿನ ಆದ ಮೇಲೆ ಕಿವಿ ತೆರೆಯುತ್ತದೆ. ಗಂಡ ಊರಿಗೆ ಹೋದ ಮೇಲೆ ಹೆಂಡತಿ ಮನೆಗೆ ಬಂದ ಹಾಗೆ. ಇದು ರೋಗವಲ್ಲ, ಅಕ್ರೋಟಿನ ಜಾಯಮಾನ. ತನ್ನ ಪರಾಗ ತನಗೇ ಬೀಳದಿರಲಿ ಎಂದು ಮರ ಮಾಡಿಕೊಂಡ ವ್ಯವಸ್ಥೆ. ಬಹಳಷ್ಟು ತಳಿಗಳಲ್ಲಿ ಗಂಡು ಮೊದಲು, ಕೆಲವಲ್ಲಿ ಹೆಣ್ಣು ಮೊದಲು. ಸುತ್ತಮುತ್ತ ಹತ್ತಾರು ಬೀಜದ ಮರಗಳಿದ್ದರೆ ಒಂದಲ್ಲ ಒಂದರ ಧೂಳು ಸಿಕ್ಕೇ ಸಿಗುತ್ತದೆ. ಹಿತ್ತಲಲ್ಲಿ ಒಂಟಿ ಮರ ಇದ್ದರೆ, ಅಥವಾ ಇಡೀ ತೋಟಕ್ಕೆ ಒಂದೇ ತಳಿ ನೆಟ್ಟಿದ್ದರೆ ತೊಂದರೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯ 1979ರಲ್ಲಿ ಬಿಡುಗಡೆ ಮಾಡಿದ ಚಾಂಡ್ಲರ್ ಈಗ ಎಲ್ಲರ ಬಾಯಲ್ಲೂ ಇದೆ. ಅದೂ ಗಂಡು ಮೊದಲಿನ ತಳಿ. ಅದಕ್ಕೆ ಜೊತೆಯಾಗಿ ಇನ್ನೂ ತಡವಾಗಿ ಧೂಳು ಬಿಡುವ ಫ್ರಾನ್ಸಿನ ಫ್ರಾಂಕೆಟ್ ನೆಡುತ್ತಾರೆ.

ಹೊಸ ಮರಗಳಲ್ಲಿ ಇನ್ನೊಂದು ವಿಚಿತ್ರ. ಮೊದಲ ಒಂದೆರಡು ವರ್ಷ ಹೆಣ್ಣು ಹೂ ಮಾತ್ರ ಬರುವುದು ಸಾಮಾನ್ಯ, ಗಂಡು ಬಾಲ ಆಮೇಲೆ. ಕಾಯಿ ಕಚ್ಚಿದ ಹಾಗೆ ಕಂಡು ಎಲ್ಲಾ ಉದುರಿದರೆ ಗಾಬರಿಯಾಗಬೇಡಿ. ಪಕ್ಕದ ಮರದ ಧೂಳು ಸಿಕ್ಕರೆ ನಿಲ್ಲುತ್ತದೆ.

ತುರ್ತಿಗೆ ಏನು ಮಾಡುವುದು? ಬೇರೆ ಮರದಿಂದ ಇನ್ನೇನು ಬಿರಿಯಲಿರುವ ಬಾಲಗಳ ಕೊಂಬೆ ತಂದು, ನೀರಿನ ಬಾಟಲಿಯಲ್ಲಿ ಇಟ್ಟು, ಗಾಳಿ ಬರುವ ದಿಕ್ಕಿನಲ್ಲಿ ಮರಕ್ಕೆ ಕಟ್ಟಿ. ಕಿವಿ ತೆರೆದ ದಿನಗಳಲ್ಲೇ ಕಟ್ಟಬೇಕು. ಪರಾಗ ಕಾಗದದಲ್ಲಿ ಹಿಡಿದು ಸುಮ್ನೆ ಕಪಾಟಿನಲ್ಲಿಟ್ಟರೆ ಬೇಗ ಸತ್ತುಹೋಗುತ್ತದೆ. ಸೇಬಿಗೆ ಬಾಡಿಗೆ ತಂದ ಜೇನುಪೆಟ್ಟಿಗೆಯನ್ನು ಅಕ್ರೋಟಿನ ಕೆಳಗೆ ಇಡುವವರನ್ನು ನೋಡಿದ್ದೇನೆ. ಈ ಮರಕ್ಕೆ ಜೇನು ಬೇಡ, ಗಾಳಿ ಸಾಕು. ಆ ವಾರ ಮಳೆ ಹಿಡಿದರೆ ಮಾತ್ರ ಕಷ್ಟ. ಸಕಲೇಶಪುರದಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ಅಪ್ಪ ಸಿಹಿ ಮಾಡಿಸುತ್ತಿದ್ದರು. ಇಲ್ಲಿ ಹೂವಿನ ಹೊತ್ತಿಗೆ ಮಳೆ ಬಂದರೆ ನಾನು ಮುಖ ಗಂಟಿಕ್ಕುತ್ತೇನೆ. ಧೂಳು ತೊಳೆದುಹೋಗುತ್ತದೆ, ಜೊತೆಗೆ ಕಪ್ಪು ರೋಗ ಅಂಟುತ್ತದೆ.

ಹೂವೇ ಇಲ್ಲದಿದ್ದರೆ

ಇದರಲ್ಲಿ ಒಂದು ಪಾಪ ನನ್ನದೇ. ನಮ್ಮ ಕಾಫಿ ತೋಟದಲ್ಲಿ ಕಸಿ ಅಂದರೆ ಕೊಂಬೆ ಸವರುವುದು. ಆ ಕೈ ಸುಮ್ಮನಿರಲಿಲ್ಲ. ಇಲ್ಲಿಗೆ ಬಂದ ಮೊದಲ ಚಳಿಗಾಲ, ಮನೆ ಪಕ್ಕದ ಹಳೇ ಅಕ್ರೋಟಿನ ಕೈಗೆಟುಕುವ ಕೊಂಬೆಗಳ ತುದಿಯನ್ನೆಲ್ಲಾ ಒಂದೊಂದು ಅಡಿ ಕತ್ತರಿಸಿ ಅಚ್ಚುಕಟ್ಟು ಮಾಡಿದೆ. ಕತ್ತರಿಸಿದಲ್ಲೆಲ್ಲಾ ಟಪ್ ಟಪ್ ಎಂದು ನೀರು ಸುರಿಯಿತು. ಆ ವರ್ಷ ಮರದ ಮೇಲರ್ಧದಲ್ಲಿ ಕಾಯಿ, ಕೆಳಗಿನ ಅರ್ಧದಲ್ಲಿ ಒಂದೂ ಇಲ್ಲ. ಅತ್ತೆ ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಯಿತು.

ಬೀಜದ ಮರಗಳಲ್ಲಿ, ಹಳೇ ತಳಿಗಳಲ್ಲಿ ಹೆಣ್ಣು ಹೂವಿನ ಮೊಗ್ಗು ಇರುವುದು ಕಡ್ಡಿಯ ತುದಿಯಲ್ಲೇ. ಅದು ಹಿಂದಿನ ಬೇಸಿಗೆಯಲ್ಲೇ ತಯಾರಾಗಿ ಕುಳಿತಿರುತ್ತದೆ. ತುದಿ ಕತ್ತರಿಸಿದರೆ ಮುಂದಿನ ಬೆಳೆ ಕತ್ತರಿಸಿದ ಹಾಗೆ. ಕೊಯ್ಲಿನಲ್ಲಿ ಉದ್ದನೆ ಕೋಲಿನಿಂದ ಚಚ್ಚಿ ಕಾಯಿ ಉದುರಿಸುವಾಗ ಆಗುವುದೂ ಇದೇ. ಒಂದು ವರ್ಷ ತುಂಬಾ, ಮುಂದಿನ ವರ್ಷ ಖಾಲಿ ಎನ್ನುವವರು ಕೊಯ್ಲಾದ ಮಾರನೇ ದಿನ ನೆಲ ನೋಡಿ, ಕಾಯಿಯ ಜೊತೆ ಎಷ್ಟು ಹಸಿರು ತುದಿ ಬಿದ್ದಿವೆ ಎಂದು. ಚಾಂಡ್ಲರ್‌ನಂಥ ಹೊಸ ತಳಿಗಳು ಪಕ್ಕದ ಮೊಗ್ಗುಗಳಲ್ಲೂ ಕಾಯಿ ಬಿಡುತ್ತವೆ, ಅವು ಕತ್ತರಿಯನ್ನು ತಾಳಿಕೊಳ್ಳುತ್ತವೆ.

ತುದಿ ಹಾಗೇ ಇದ್ದೂ ಹೂವಿಲ್ಲವೇ? ವರ್ಷಕ್ಕೆ ಆಳುದ್ದ ಕಡ್ಡಿ ಬೆಳೆಯುತ್ತಿದ್ದರೆ ಗೊಬ್ಬರ ಜಾಸ್ತಿಯಾಗಿದೆ, ಮರಕ್ಕೆ ಬೆಳೆಯುವ ಸಡಗರ. ನನ್ನ ಆರನೇ ವರ್ಷದ ಸಗಣಿ ಮಾಡಿದ್ದು ಅಷ್ಟೇ. ಎಲೆ ಚಿಕ್ಕದಾಗಿ ತುದಿಯಲ್ಲಿ ಗೊಂಚಲು ಕಟ್ಟಿದ್ದರೆ ಸತುವಿನ ಕೊರತೆ. ಕಾಯಿ ನೆತ್ತಿಯಲ್ಲಿ ಮಾತ್ರ ಇದ್ದು ಒಳಗಿನ ಕೊಂಬೆ ಒಣಗುತ್ತಿದ್ದರೆ ಬಿಸಿಲು ಸಾಲುತ್ತಿಲ್ಲ. ಮರದಿಂದ ಮರಕ್ಕೆ ಹತ್ತು ಮೀಟರ್ ಬೇಕು, ಬೀಜದ ಮರಕ್ಕೆ ಇನ್ನೂ ಜಾಸ್ತಿ. ಹದಿನೈದು ಅಡಿಗೊಂದು ನೆಟ್ಟು ಈಗ ಮರಗಸಿ ಮಾಡುತ್ತೇನೆ, ಕೊಂಬೆ ಸವರಿ ಬಿಸಿಲು ಬಿಡುತ್ತೇನೆ ಎಂದರೆ ಆಗುವುದಿಲ್ಲ, ಒಂದು ಬಿಟ್ಟು ಒಂದು ತೆಗೆಯಲೇಬೇಕು.

ಕಚ್ಚಿತ್ತು, ಉದುರಿತು

ಉದುರಿದ್ದನ್ನು ಗುಡಿಸಿ ಬಿಸಾಡಬೇಡಿ, ಕೈಗೆ ಎತ್ತಿಕೊಳ್ಳಿ. ಹೂ ಮುಗಿದು ಮೂರು-ನಾಲ್ಕು ವಾರಕ್ಕೆ, ಕಡಲೆಕಾಳಿಗಿಂತ ಒಂಚೂರು ದೊಡ್ಡದಾಗಿ, ಮೈಮೇಲೆ ಕಲೆ ಇಲ್ಲದೆ ಬಿದ್ದಿದ್ದರೆ ಪರಾಗ ಸಿಕ್ಕಿಲ್ಲ. ಹೂವಾದ ಹತ್ತು-ಹದಿನೈದು ದಿನದೊಳಗೆ, ಬೆಳೆಯದೆ ಮೆಣಸಿನ ಕಾಳಿನಷ್ಟೇ ಇದ್ದು ಬಿದ್ದರೆ ಪರಾಗ ಅತಿಯಾಗಿರಲೂಬಹುದು. ಸರ್ ಎನ್ನುವ ತಳಿಯಲ್ಲಿ ಇದು ಹೆಸರಾಂತ ತೊಂದರೆ. ಹಾಗಾಗಿ ಉತ್ಸಾಹದಲ್ಲಿ ಪ್ರತಿ ಕೊಂಬೆಗೂ ಬಾಟಲಿ ಕಟ್ಟಬೇಡಿ.

ಕಿವಿ ಇದ್ದ ತುದಿಯಲ್ಲಿ ಕಪ್ಪು ಕಲೆ ಶುರುವಾಗಿ ಒಳಕ್ಕೆ ಇಳಿದಿದ್ದರೆ ಬ್ಯಾಕ್ಟೀರಿಯಾದ ಕಪ್ಪು ರೋಗ, ಬ್ಲೈಟ್. ಕಾಯಿಯ ಬಿಸಿಲು ತಾಗುವ ಒಂದೇ ಮಗ್ಗುಲು ಕಂದಾಗಿದ್ದರೆ ಬರೀ ಬಿಸಿಲಿನ ಸುಟ್ಟಗಾಯ. ತೂತು, ಪಕ್ಕದಲ್ಲಿ ಹಿಕ್ಕೆ ಇದ್ದರೆ ಹುಳ. ಬ್ಲೈಟ್‌ಗೆ ತಾಮ್ರದ ಸಿಂಪಡಣೆ ಕೆಲಸ ಮಾಡುವುದು ಮೊಗ್ಗು ಒಡೆದು ಗಂಡು ಬಾಲ ಇಣುಕುವಾಗ, ಮಳೆಯಿದ್ದರೆ ವಾರ ಹತ್ತು ದಿನಕ್ಕೆ ಮತ್ತೊಮ್ಮೆ. ಕಾಯಿ ಕಪ್ಪಾದ ಮೇಲೆ ಹೊಡೆದರೆ ಅಂಗಡಿಯವನಿಗೆ ಲಾಭ.

ಕಾಯಿ ನಿಂತು ಒಳಗೆ ತಿರುಳು ಸುಕ್ಕಾಗಿದ್ದರೆ ಜುಲೈ-ಆಗಸ್ಟ್‌ನ ನೀರು ನೋಡಿ. ಕಾಯಿಯ ಗಾತ್ರ ಬೇಸಿಗೆಯ ಶುರುವಿನಲ್ಲೇ ನಿರ್ಧಾರವಾಗುತ್ತದೆ, ತಿರುಳು ತುಂಬುವುದು ಆಮೇಲೆ. ಕುಲ್ಲುವಿನಲ್ಲಿ ಆಗ ಮಳೆಗಾಲ, ನಮಗೆ ಈ ತಲೆನೋವಿಲ್ಲ. ಅವಸರದ ಕೊಯ್ಲೂ ಕಾರಣವಿರಬಹುದು. ಒಂದು ಕಾಯಿ ಒಡೆದು, ತಿರುಳಿನ ನಡುವಿನ ತೆಳು ಪರದೆ ಬಿಳಿಯೋ ಕಂದೋ ನೋಡಿ. ಕಂದಾದರೆ ತಿರುಳು ಬಲಿತಿದೆ. ಒಡೆಯುವಾಗ ಕೈಗವಸು ಹಾಕಿಕೊಳ್ಳಿ. ಹಸಿ ಸಿಪ್ಪೆಯ ಕಪ್ಪು ಸೋಪಿಗೆ ಜಗ್ಗುವುದಿಲ್ಲ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿದ್ದೀರಾ ಎಂದು ನನ್ನನ್ನು ಕೇಳಿದವರಿದ್ದಾರೆ.

ನಾಲೆಯ ಪಕ್ಕದ ಆರನೇ ಮರ

ನನ್ನ ಬೀಜದ ನಾಲ್ಕರಲ್ಲಿ ಮೂರು ಮರ 2019ರಿಂದ ಒಂದೊಂದಾಗಿ ಕಾಯಿ ಬಿಡಲು ಶುರುಮಾಡಿದವು. ಅವುಗಳಿಗೆ ಬೇಕಿದ್ದದ್ದು ವರ್ಷ ಮಾತ್ರ. ಆರನೆಯದು, ಇಳಿಜಾರಿನಲ್ಲಿ ಮೆಟ್ಟಿಲಿನ ಹಾಗಿರುವ ಪಾತಿಗಳಲ್ಲಿ ಕೆಳಗಿನದರಲ್ಲಿ ನಾಲೆಯ ಪಕ್ಕ ಇರುವುದು, ಆಗಲೂ ಬಿಡಲಿಲ್ಲ. ಹೂ ಬರುತ್ತಿತ್ತು, ಕಿವಿ ತೆರೆಯುತ್ತಿತ್ತು, ಸುತ್ತ ಧೂಳೂ ಇತ್ತು.

ಒಂದು ಏಪ್ರಿಲ್ ಬೆಳಗ್ಗೆ ಎದ್ದು ನೋಡಿದರೆ ಅದರ ಹೊಸ ಚಿಗುರೆಲ್ಲಾ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿತ್ತು. ಹದಿನೈದು ಅಡಿ ಮೇಲಿನ ಪಾತಿಯ ಮರ ನಗುನಗುತ್ತಾ ನಿಂತಿತ್ತು. ಇಲ್ಲಿಯವರು ಇದಕ್ಕೆ ಪಾಲಾ ಎನ್ನುತ್ತಾರೆ, ಹೆಪ್ಪುಗಟ್ಟುವ ಇಬ್ಬನಿ. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ಇಳಿಜಾರು ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹೂವಿನ ಹೊತ್ತಿಗೆ ಸೊನ್ನೆಗಿಂತ ಒಂದೆರಡು ಡಿಗ್ರಿ ಇಳಿದರೆ ಸಾಕು. ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಆದರೆ ಆ ಎರಡನೇ ಚಿಗುರಿನಲ್ಲಿ ಹೂ ಇರುವುದು ಅಪರೂಪ. ಜೂನ್‌ನಲ್ಲಿ ನೋಡಿದವರಿಗೆ ಹಸಿರಾಗಿ ತುಂಬಿದ ಮರ ಕಾಣುತ್ತದೆ, ಏನಾಗಿತ್ತು ಎನ್ನುವ ಸುಳಿವೇ ಇರುವುದಿಲ್ಲ.

ಮುಂದಿನ ವರ್ಷ ಎರಡೂ ಪಾತಿಯಲ್ಲಿ ಒಂದೊಂದು ಥರ್ಮಾಮೀಟರ್ ನೇತುಹಾಕಿದೆ. ಬೆಳಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಓದಿದಾಗ ಮೇಲೆ 1, ಕೆಳಗೆ ಮೈನಸ್ 2. ಮಾವ ಈ ಸಲ ಕೊಡಲಿ ತರಲಿಲ್ಲ. ಆ ಮರವನ್ನು ನೆರಳಿಗೆ ಬಿಟ್ಟಿದ್ದೇವೆ, ಅದರ ಕೆಳಗೆ ಹಸು ಕಟ್ಟುತ್ತೇವೆ. ಮೇಲಿನ ಪಾತಿಯಲ್ಲಿ ಎರಡು ವಾರ ತಡವಾಗಿ ಚಿಗುರುವ ಫ್ರಾಂಕೆಟ್ ಒಂದನ್ನು ನೆಟ್ಟಿದ್ದೇನೆ, ಟೇಪು ಬಿಚ್ಚಿ ನೋಡಿಯೇ ತಂದದ್ದು.